ಹಂಚಿನ ಮನೆಯ ಅಟ್ಟ ಕೋಣೆಯಾಗುವಾಗ

ಮನೆ ಸಾಲದಾಯಿತೆಂಬ ಮಾತು ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಕೇಳಿಬರುತ್ತಿದೆ. ಹಿರಿಯರು ಕಟ್ಟಿಸಿದ ಹಂಚಿನ ಮನೆಯಲ್ಲಿ ಪಡಸಾಲೆ, ಅಡಿಗೆಮನೆ, ದೇವರ ಕೋಣೆ, ಮೇಲೆರಡು ಮಲಗುವ ಕೋಣೆ ಇದ್ದರೆ ಅಂದಿನ ಕಾಲಕ್ಕೆ ಅದೇ ಧಾರಾಳ. ಈಗ ಮಗಳು ಪರೀಕ್ಷೆಗೆ ಓದಬೇಕು, ಮಗನಿಗೆ ಮದುವೆ ಗೊತ್ತಾಗಿದೆ, ಮನೆಯ ಯಜಮಾನರಿಗೆ ಬೆಳಗಿನ ಲಿಂಗಪೂಜೆಗೆ ಸದ್ದುಗದ್ದಲವಿಲ್ಲದ ಮೂಲೆಯೊಂದು ಬೇಕು. ಇಂಥ ಸಂದರ್ಭದಲ್ಲಿ ಮೊದಲು ಹೊಳೆಯುವ ಉಪಾಯವೆಂದರೆ ಹಳೆಯ ಮನೆಯನ್ನು ಕೆಡವಿ ಆರ್.ಸಿ.ಸಿ. ಕಟ್ಟಡ ಎಬ್ಬಿಸುವುದು. ಹಾಗೆ ಮಾಡಿದ ಎಷ್ಟೋ ಮನೆಗಳನ್ನು ನಾವು ಬಲ್ಲೆವು. ಸಾಗುವಾನಿಯ ತೊಲೆಗಳು ಸಾಮಿಲ್ಲಿನ ಪಾಲಾಗುತ್ತವೆ, ಸಾಲ ಕುಟುಂಬದ ಪಾಲಾಗುತ್ತದೆ, ಹೊಸ ಮನೆಯ ಮೇಲ್ಮಹಡಿಯಲ್ಲಿ ಏಪ್ರಿಲ್ ತಿಂಗಳ ರಾತ್ರಿ ನಿದ್ದೆ ಬಾರದೆ ಎಲ್ಲರೂ ಹಾಸಿಗೆ ಸುತ್ತಿಕೊಂಡು ತಾರಸಿಗೆ ಹೋಗುತ್ತಾರೆ.

ಇದಕ್ಕೆ ಬದಲಾಗಿ ಕೆಲವರು ತಲೆಯೆತ್ತಿ ಅಟ್ಟದ ಕಡೆಗೆ ನೋಡಲಾರಂಭಿಸಿದ್ದಾರೆ. ಒಂದು ಕಾಲಕ್ಕೆ ಕಾಳುಕಡಿಯ ಚೀಲ, ಹಿತ್ತಾಳೆಯ ಹಂಡೆ, ಹಳೆಯ ತೊಟ್ಟಿಲುಗಳನ್ನು ಹೊತ್ತಿದ್ದ ಅಟ್ಟ ಈಗ ಬಹಳಷ್ಟು ಮನೆಗಳಲ್ಲಿ ಬರಿದಾಗಿದೆ. ಏಣಿಯ ಜಾಗದಲ್ಲಿ ಮೆಟ್ಟಿಲು, ಗೋಡೆಯ ತ್ರಿಕೋನದಲ್ಲಿ ಕಿಟಕಿ, ನೆಲಕ್ಕೆ ಹಲಗೆ ಇಷ್ಟಾದರೆ ಒಂದು ಅಂದವಾದ ಕೋಣೆ ಸಿದ್ಧವಾಗುತ್ತದೆ. ಕೈಯಲ್ಲಿ ಸ್ವಲ್ಪ ಕೆಲಸವಿರುವ ಮನೆಯವರು ಇದರ ಬಹುಭಾಗವನ್ನು ತಾವೇ ಮಾಡಿಕೊಳ್ಳಬಹುದು. ದುಡಿಮೆಗೆ ಹೇಸುವ ಮನೆತನಗಳು ನಮ್ಮವಲ್ಲವಷ್ಟೆ.

ಆದರೆ ಬೇಸಿಗೆಯ ಮಧ್ಯಾಹ್ನ ಎರಡು ಗಂಟೆಗೆ ಹಂಚಿನ ಕೆಳಗಿನ ಅಟ್ಟವನ್ನು ಹತ್ತಿದವರಿಗೆ ಅಲ್ಲಿಯ ತಾಪ ಎಂಥದೆಂಬುದು ಗೊತ್ತು. ಅಟ್ಟ ಕೋಣೆಯಾಗುವುದೂ ಮತ್ತೆ ಹಳೆಯ ಸಾಮಾನಿನ ಉಗ್ರಾಣವಾಗುವುದೂ ಈ ಒಂದು ಪ್ರಶ್ನೆಯನ್ನು ಅವಲಂಬಿಸಿದೆ: ಮಾಡಿಗೆ ಶಾಖರೋಧಕವಾಗಿ ಯಾವುದನ್ನು ಆರಿಸಬೇಕು? ಪೇಟೆಯಲ್ಲಿ ಹತ್ತು ಬಗೆಯ ಸರಕುಗಳಿವೆ, ಮಾರುವವರ ಮಾತುಗಳು ಇಪ್ಪತ್ತು ಬಗೆಯವು. ತಪ್ಪು ಆಯ್ಕೆಯಿಂದ ಹಣ ಮಾತ್ರ ಹೋಗುವುದಾದರೆ ಸಹಿಸಬಹುದು. ಮೂರು ತಲೆಮಾರು ಬಾಳಿದ ಪಕಾಸುಗಳು ಕಣ್ಣಿಗೆ ಕಾಣದಂತೆ ಒಳಗೊಳಗೇ ಕೊಳೆಯುವ ಅಪಾಯವೂ ಅದರಲ್ಲಿದೆ. ಆದಕಾರಣ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಶಾಖ ಬರುವ ದಾರಿ

ನಾವು ಮಂಗಳೂರು ಹಂಚೆಂದು ಕರೆಯುವ ಕೆಂಪು ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದರು. ಅಲ್ಲಿಂದಾಚೆಗೆ ಕರಾವಳಿ, ಮಲೆನಾಡುಗಳನ್ನು ದಾಟಿ ಧಾರವಾಡ, ಬೆಳಗಾವಿಗಳವರೆಗೂ ಅದು ಹಬ್ಬಿತು. ಮಳೆಯನ್ನು ತಡೆಯುವುದರಲ್ಲಿ ಆ ಹಂಚಿಗೆ ಸಾಟಿಯಿಲ್ಲ. ಬಿಸಿಲನ್ನು ತಡೆಯುವ ಶಕ್ತಿ ಮಾತ್ರ ಅದಕ್ಕೆ ಕಡಿಮೆ. ತೆಳುವಾದ ಸುಟ್ಟ ಮಣ್ಣು ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾಯತೊಡಗಿ, ಏಪ್ರಿಲ್-ಮೇ ತಿಂಗಳ ನಡುಹಗಲಿನಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಹೋಗುತ್ತದೆ. ಅದರ ಒಂದು ಗುಣವನ್ನು ಮಾತ್ರ ಮರೆಯಬಾರದು. ದಪ್ಪ ಕಾಂಕ್ರೀಟು ಹಗಲಿನ ಶಾಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ರಾತ್ರಿಯೆಲ್ಲ ಬಿಡುತ್ತಿರುತ್ತದೆ, ಹಂಚಾದರೋ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ. ಅಂದರೆ ಹಂಚಿನ ಅಟ್ಟದಲ್ಲಿ ನಾವು ಗೆಲ್ಲಬೇಕಾದುದು ಹಗಲಿನ ಏಳೆಂಟು ಗಂಟೆಗಳನ್ನಷ್ಟೆ.

ಈಗ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಿ. ನಡುಮಧ್ಯಾಹ್ನ ಅಟ್ಟದಲ್ಲಿ ನಿಂತು ಅಂಗೈಯನ್ನು ಹಂಚಿನಿಂದ ಒಂದು ಗೇಣು ಕೆಳಗೆ ಹಿಡಿಯಿರಿ. ಒಲೆಯ ಮುಂದೆ ಹಿಡಿದಂತೆ ಬಿಸಿ ತಟ್ಟುತ್ತದೆ. ಬಿಸಿ ಗಾಳಿ ಮೇಲಕ್ಕೇರುವುದೇ ಹೊರತು ಕೆಳಗಿಳಿಯುವುದಿಲ್ಲ. ಹಾಗಾದರೆ ಈ ಬಿಸಿ ಕೈಗೆ ಮುಟ್ಟಿದ್ದು ಹೇಗೆ? ಕಾದ ಹಂಚು ಸೂರ್ಯನಂತೆಯೇ ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಶಾಖವನ್ನು ಕೆಳಗೆ ಎಸೆಯುತ್ತದೆ. ಈಗ ಚಪಾತಿ ಸುತ್ತಿಡುವ ಅಲ್ಯುಮಿನಿಯಂ ಹಾಳೆಯನ್ನು ಒಂದು ರಟ್ಟಿನ ಎರಡೂ ಮುಖಕ್ಕೆ ಅಂಟಿಸಿ, ಹಂಚಿಗೂ ಕೈಗೂ ನಡುವೆ ಹಿಡಿಯಿರಿ. ಬಿಸಿ ಥಟ್ಟನೆ ನಿಲ್ಲುತ್ತದೆ. ಈ ತಿಳಿವಳಿಕೆಯೊಂದಿದ್ದರೆ ಅಂಗಡಿಯಲ್ಲಿ ಕೇಳುವ ಅರ್ಧದಷ್ಟು ಮಾತುಗಳನ್ನು ನೀವೇ ತೂಗಿ ನೋಡಬಲ್ಲಿರಿ. ನಮ್ಮ ಹವೆಯಲ್ಲಿ ಹಂಚಿನ ಮಾಡಿಗೆ ಬೇಕಾದ ಮೊದಲ ವಸ್ತು ದಪ್ಪ ಹೊದಿಕೆಯಲ್ಲ. ಗಾಳಿ ಹಾದುಹೋಗುವ ಸಂದು ಮೊದಲು, ಹೊಳೆಯುವ ಹಾಳೆ ಎರಡನೆಯದು, ಹೊದಿಕೆ ಮೂರನೆಯದು.

ಅಟ್ಟಕ್ಕೆ ಶಾಖರೋಧಕ ಹಾಕುವ ಪದ್ಧತಿ ಬಹಳವಾಗಿ ಬೆಳೆದಿರುವುದು ಇಂಗ್ಲೆಂಡಿನಂಥ ಶೀತದೇಶಗಳಲ್ಲಿ. ಅಲ್ಲಿ ಅಟ್ಟದ ನೆಲಕ್ಕೆ 270 ಮಿಲಿಮೀಟರ್ ಉಣ್ಣೆಯ ಹೊದಿಕೆ ಹಾಸಲು ಶಿಫಾರಸು ಮಾಡುತ್ತಾರೆ. ಒಳಗಿನ ಬೆಚ್ಚನೆಯ ಗಾಳಿಯ ತೇವ ತಣ್ಣಗಿನ ಮಾಡಿಗೆ ತಗುಲಿ ನೀರಾಗದಿರಲೆಂದು ಕೋಣೆಯ ಕಡೆಗೆ ಪ್ಲಾಸ್ಟಿಕ್ ಹಾಳೆಯ ತಡೆಯನ್ನೂ ಹೊಡೆಯುತ್ತಾರೆ. ಮನೆಯೊಳಗಿನ ಶಾಖ ಹೊರಗೆ ಹೋಗದಂತೆ ಕಾಯುವುದು ಅವರ ಚಿಂತೆ, ಹೊರಗಿನದು ಒಳಗೆ ಬಾರದಂತೆ ಕಾಯುವುದು ನಮ್ಮದು. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಕಳಿಸಿದ ಪುಸ್ತಕದ ಚಿತ್ರವನ್ನು ನೋಡಿ ಇಲ್ಲಿ ಹಾಗೆಯೇ ಮಾಡಹೊರಟರೆ ಕೆಲಸ ಕೆಡುತ್ತದೆ. ನಮ್ಮ ಮಾಡಿಗೆ ನೀರು ಬರುವುದು ಮೇಲಿನಿಂದ, ಒಡೆದ ಹಂಚಿನ ಸಂದಿನಿಂದ. ಕೋಣೆಯ ಕಡೆಗೆ ಪ್ಲಾಸ್ಟಿಕ್ ಹೊಡೆದರೆ ಸೋರಿದ ನೀರು ಉಣ್ಣೆಯಲ್ಲಿ ಸಿಕ್ಕಿಬಿದ್ದು ಮರಕ್ಕೆ ಮುಟ್ಟುತ್ತದೆ. ಅವರಿಂದ ನಾವು ಕಲಿಯಬೇಕಾದ ಒಂದು ಪಾಠವಿದೆ: ಹಂಚಿಗೂ ಹೊದಿಕೆಗೂ ನಡುವೆ 50 ಮಿಲಿಮೀಟರಿನಷ್ಟು ಗಾಳಿಯ ದಾರಿಯನ್ನು ಅವರು ಬಿಡುತ್ತಾರೆ. ಅದು ಅಲ್ಲಿಗೆಷ್ಟು ಅಗತ್ಯವೋ ಇಲ್ಲಿಗೆ ಅದಕ್ಕಿಂತ ಹೆಚ್ಚು ಅಗತ್ಯ.

ಸರಕುಗಳ ಗುಣದೋಷ

ಶಾಖರೋಧಕವನ್ನು ದಪ್ಪದಿಂದ ಅಳೆಯಬಾರದು, ಅದು ಶಾಖವನ್ನು ಎಷ್ಟು ತಡೆಯುತ್ತದೆಂಬುದರಿಂದ ಅಳೆಯಬೇಕು. 50 ಮಿಲಿಮೀಟರ್ ಅಂದರೆ ಎರಡಂಗುಲದ ಗಾಜಿನ ಉಣ್ಣೆ ಮಾಡುವ ಕೆಲಸವನ್ನು ಪಫ್ ಹಲಗೆ ಸುಮಾರು 30 ಮಿಲಿಮೀಟರಿನಲ್ಲಿ ಮಾಡುತ್ತದೆ. ಥರ್ಮೊಕೋಲಿಗೆ ಹೆಚ್ಚುಕಡಿಮೆ ಉಣ್ಣೆಯಷ್ಟೇ ದಪ್ಪ ಬೇಕು. ಅದೇ ಕೆಲಸವನ್ನು ಮರದ ಹಲಗೆಯಿಂದ ಮಾಡಿಸಬೇಕಾದರೆ ಏಳೆಂಟು ಅಂಗುಲ ದಪ್ಪದ ಹಲಗೆ ಬೇಕಾದೀತು. ಕಾಂಕ್ರೀಟಿನಿಂದಾದರೆ ಸುಮಾರು ಎರಡು ಮೀಟರ್! ಮನೆಗೆ ಮುಚ್ಚಿಗೆ ಹೊಡೆಸಿದರೆ ತಂಪಾಗುತ್ತದೆಂದು ಹೇಳುವ ಬಡಗಿಯ ಮಾತು ಸುಳ್ಳಲ್ಲ. ಆದರೆ ಆ ತಂಪಿನಲ್ಲಿ ಹಲಗೆಯ ಪಾಲಿಗಿಂತ ಹಲಗೆಗೂ ಹಂಚಿಗೂ ನಡುವೆ ನಿಂತ ಗಾಳಿಯ ಪಾಲು ದೊಡ್ಡದು. ಹಳೆಯ ಕಾಲದವರು ಮೇಲಿನ ಹಂಚಿನ ಕೆಳಗೆ ಚಿತ್ತಾರದ ಸೀಲಿಂಗ್ ಹಂಚಿನ ಎರಡನೆಯ ಪದರವನ್ನು ಹೊದಿಸುತ್ತಿದ್ದರು. ಅದರಲ್ಲಿಯೂ ಅಂದದ ಜೊತೆಗೆ ಇದೇ ಉಪಾಯ ಅಡಗಿತ್ತು. ಇಂಥ ಹಂಚು ಇರುವ ಮನೆಯವರು ದಯವಿಟ್ಟು ಅದನ್ನು ಕಿತ್ತುಹಾಕಬೇಡಿರಿ.

ಅಲ್ಯುಮಿನಿಯಂ ಹಾಳೆ: ನೆಯ್ದ ಪ್ಲಾಸ್ಟಿಕ್ಕಿಗೆ ಅಂಟಿಸಿದ ಗಟ್ಟಿ ಹಾಳೆಯಾಗಿಯೂ, ಗುಳ್ಳೆಗಳಿರುವ ಬಬಲ್ ಹಾಳೆಯಾಗಿಯೂ ಇದು ಸುರುಳಿಯಲ್ಲಿ ದೊರೆಯುತ್ತದೆ. ತನ್ನ ಮೇಲೆ ಬಿದ್ದ ಶಾಖಕಿರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗವನ್ನು ಇದು ಹಿಂದಕ್ಕೆ ಕಳಿಸುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಗುಣವೆಂದರೆ, ತಾನು ಕಾದರೂ ತನ್ನ ಹೊಳೆಯುವ ಮುಖದಿಂದ ಶಾಖವನ್ನು ಅತಿ ಕಡಿಮೆ ಬಿಡುತ್ತದೆ. ಆದರೆ ಹೊಳೆಯುವ ಮುಖದ ಎದುರಿಗೆ ಕನಿಷ್ಠ 25 ಮಿಲಿಮೀಟರ್ ಬಯಲು ಇದ್ದರೆ ಮಾತ್ರ ಈ ಗುಣ ಕೆಲಸ ಮಾಡುತ್ತದೆ. ಹಂಚಿಗೋ ಹಲಗೆಗೋ ಅಂಟಿಕೊಂಡ ಹಾಳೆ ಬರಿಯ ಲೋಹ. ಲೋಹ ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ನಾಲ್ಕು ಮಿಲಿಮೀಟರ್ ಬಬಲ್ ಹಾಳೆ ಎರಡಂಗುಲದ ಉಣ್ಣೆಗೆ ಸಮನೆಂದು ಯಾರಾದರೂ ಹೇಳಿದರೆ, ಸಂದು ಎಷ್ಟು ಬಿಡುತ್ತೀರೆಂದು ಮೊದಲು ಕೇಳಿರಿ. ಮೇಲ್ಮುಖದ ಮೇಲೆ ವರ್ಷಗಳು ಕಳೆದಂತೆ ಧೂಳು ಕೂತು ಹೊಳಪು ಕೆಡುವುದರಿಂದ, ಕೆಳಮುಖಕ್ಕೂ ಬಯಲು ಸಿಗುವಂತೆ ಹಾಕುವುದು ಜಾಣತನ. ಕೆಳಮುಖಕ್ಕೆ ಧೂಳು ಕೂರುವುದಿಲ್ಲ.

ಗಾಜಿನ ಉಣ್ಣೆ, ಕಲ್ಲುಣ್ಣೆ: ಗ್ಲಾಸ್‌ವುಲ್, ರಾಕ್‌ವುಲ್ ಎಂಬ ಹೆಸರಿನಿಂದ ಇವು ಪರಿಚಿತ. ಗಾಜನ್ನೋ ಕಲ್ಲನ್ನೋ ಕರಗಿಸಿ ಎಳೆ ತೆಗೆದು ಮಾಡಿದ ಈ ಹೊದಿಕೆಗಳು ಬೆಂಕಿಗೆ ಹೊತ್ತಿಕೊಳ್ಳುವುದಿಲ್ಲ. ಮರದ ಮಾಡಿನ ಮನೆಗೆ ಇದೊಂದೇ ಗುಣ ಸಾಕು ಎನ್ನುವಷ್ಟು ದೊಡ್ಡದು. ಮಳೆಯ ಸದ್ದನ್ನೂ ಇವು ತಗ್ಗಿಸುತ್ತವೆ. ದೋಷಗಳೆಂದರೆ, ನೆನೆದರೆ ಕೆಲಸಕ್ಕೆ ಬಾರವು, ಒತ್ತಿ ತುರುಕಿದರೆ ಅರ್ಧ ಗುಣ ಹೋಗುತ್ತದೆ, ಇಲಿಗಳು ಗೂಡು ಮಾಡಿಕೊಳ್ಳುತ್ತವೆ. ಮೈಗೆ ತಗುಲಿದರೆ ತುರಿಕೆಯಾಗುತ್ತದೆ. ತುಂಬುತೋಳಿನ ಅಂಗಿ, ಕೈಚೀಲ, ಕನ್ನಡಕ, ಮೂಗಿಗೆ ಮುಸುಕು ಇಲ್ಲದೆ ಮುಟ್ಟಬಾರದು. ಇದರಿಂದ ಕ್ಯಾನ್ಸರ್ ಬರುತ್ತದೆಂದು ಹೆದರುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2001ರಲ್ಲಿ ಈ ವಿಷಯವನ್ನು ಮತ್ತೆ ಪರಿಶೀಲಿಸಿ, ಮನೆಗಳಿಗೆ ಬಳಸುವ ಇಂಥ ಉಣ್ಣೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗದ ವಸ್ತುಗಳ ಗುಂಪಿಗೆ ಸೇರಿಸಿತು. ಕಲ್ನಾರಿನ ಅಂದರೆ ಆಸ್‌ಬೆಸ್ಟಾಸಿನ ಮಾತು ಬೇರೆ. ಅದರ ಧೂಳು ನಿಶ್ಚಯವಾಗಿಯೂ ಮಾರಕ. ಹಂಚಿನ ನಡುವೆ ಎಲ್ಲಿಯಾದರೂ ಹಳೆಯ ಆಸ್‌ಬೆಸ್ಟಾಸ್ ತಗಡು ಹೊದಿಸಿದ್ದರೆ ಅದನ್ನು ಕೊರೆಯುವುದು, ಗರಗಸದಿಂದ ಕೊಯ್ಯುವುದು ಬೇಡವೇ ಬೇಡ.

ಥರ್ಮೊಕೋಲ್: ಅಗ್ಗ, ಹಗುರ, ಚಾಕುವಿನಿಂದ ಕೊಯ್ಯಬಹುದು. ಆದುದರಿಂದ ಮನೆಯವರೇ ಕೆಲಸ ಮಾಡುವಾಗ ಕೈ ಮೊದಲು ಇದರತ್ತ ಹೋಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮರದ ಮಾಡಿಗೆ ಇದು ತಕ್ಕುದಲ್ಲ. ಕಾದ ಹಂಚಿಗೆ ಸಮೀಪದಲ್ಲಿ ಕಾಲಕ್ರಮೇಣ ಕುಗ್ಗುತ್ತದೆ. ಬೆಂಕಿ ತಗುಲಿದರೆ ಕರಗಿ ತೊಟ್ಟಿಕ್ಕುತ್ತ ಕಪ್ಪು ಹೊಗೆಯೊಡನೆ ಉರಿಯುತ್ತದೆ. ಇರುವೆಗಳು, ಇಲಿಗಳು ಅದನ್ನು ಕೊರೆಯುತ್ತವೆ. ಬಹಳ ಜನಕ್ಕೆ ತಿಳಿಯದ ಇನ್ನೊಂದು ಸಂಗತಿಯಿದೆ: ವಿದ್ಯುತ್ ತಂತಿಯ ಮೇಲಿನ ಪಿ.ವಿ.ಸಿ. ಕವಚಕ್ಕೂ ಥರ್ಮೊಕೋಲಿಗೂ ಆಗಿಬರುವುದಿಲ್ಲ. ಎರಡೂ ತಾಗಿಕೊಂಡಿದ್ದರೆ ಕವಚದಲ್ಲಿಯ ಮೆದುಗೊಳಿಸುವ ಅಂಶವನ್ನು ಥರ್ಮೊಕೋಲ್ ಹೀರಿಕೊಂಡು, ಕವಚ ಬಿರುಸಾಗಿ ಬಿರುಕು ಬಿಡುತ್ತದೆ.

ಪಫ್ ಹಲಗೆ ಮತ್ತು ಅದರ ಜಾತಿಯ ಗಟ್ಟಿ ನೊರೆಗಳು: ತೆಳುವಿನಲ್ಲಿ ಹೆಚ್ಚು ತಡೆ ಬೇಕಾದಲ್ಲಿ ಇವಕ್ಕೆ ಸಮನಿಲ್ಲ. ಅಟ್ಟದ ಎತ್ತರ ಕಡಿಮೆಯಿದ್ದು ಒಂದಂಗುಲವೂ ಅಮೂಲ್ಯವಾದ ಕಡೆ ಇವನ್ನು ಆರಿಸಬೇಕಾಗಬಹುದು. ಬೆಲೆ ಹೆಚ್ಚು. ಉರಿದಾಗ ವಿಷದ ಹೊಗೆ ಬಿಡುವುದರಿಂದ ಕೋಣೆಯ ಕಡೆಗೆ ಜಿಪ್ಸಂ ಅಥವಾ ಸಿಮೆಂಟ್ ಬೋರ್ಡನ್ನು ಹೊಡೆಯದೆ ಬಿಡಲೇಬಾರದು. ಲಂಡನ್ನಿನ ಗ್ರೆನ್‌ಫೆಲ್ ಎಂಬ ಬಹುಮಹಡಿ ವಸತಿಗೃಹದಲ್ಲಿ 2017ರಲ್ಲಿ ಬೆಂಕಿ ಬಿದ್ದು 72 ಮಂದಿ ಸತ್ತರು. ಹೊರಗೋಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ಹೂರಣದ ಅಲ್ಯುಮಿನಿಯಂ ಹಲಗೆಯೂ ಅದರ ಹಿಂದಿನ ನೊರೆಯ ಶಾಖರೋಧಕವೂ ಅಲ್ಲಿ ಉರಿದಿದ್ದವು.

ಇದೇ ನೊರೆಯನ್ನು ಕೊಳವೆಯಿಂದ ಹಂಚಿನ ಒಳಮೈಗೆ ನೇರವಾಗಿ ಸಿಂಪಡಿಸಿ ಒಂದೇ ದಿನದಲ್ಲಿ ಕೆಲಸ ಮುಗಿಸಿಕೊಡುವವರೂ ಇದ್ದಾರೆ. ಸೋರುವಿಕೆಯೂ ನಿಂತಿತು, ಸೆಕೆಯೂ ನಿಂತಿತೆಂದು ಅವರು ಹೇಳುವ ಮಾತು ಆಕರ್ಷಕವಾಗಿಯೇ ಇರುತ್ತದೆ. ಇದೊಂದನ್ನು ಮಾತ್ರ ಮಾಡಿಸಬೇಡಿರೆಂದು ನಾವು ಒತ್ತಿ ಹೇಳುತ್ತೇವೆ. ಹಂಚು, ರೀಪು, ಪಕಾಸುಗಳೆಲ್ಲ ಒಂದೇ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಆಮೇಲೆ ಒಡೆದ ಒಂದು ಹಂಚನ್ನು ಬದಲಾಯಿಸಲಾಗುವುದಿಲ್ಲ. ಗೆದ್ದಲು ಹತ್ತಿದರೆ ಕಾಣುವುದಿಲ್ಲ, ಮರಕ್ಕೆ ಗಾಳಿಯಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಹೀಗೆ ನೊರೆ ಸಿಂಪಡಿಸಿದ ಮನೆಗಳ ಮೇಲೆ ಸಾಲ ಕೊಡಲು ಅನೇಕ ಸಂಸ್ಥೆಗಳು ಹಿಂಜರಿದಿವೆ, ಮಾಡಿನ ಮರದ ಸ್ಥಿತಿಯನ್ನು ಯಾರೂ ನೋಡಲಾಗದೆಂಬ ಕಾರಣದಿಂದ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವ ನಮ್ಮ ಪದ್ಧತಿಯೇ ಈ ಮನೆಗಳನ್ನು ನೂರು ವರ್ಷ ಉಳಿಸಿದೆ. ಆ ಪದ್ಧತಿಗೆ ಅಡ್ಡಬರುವ ಯಾವ ಸರಕೂ, ಎಷ್ಟೇ ತಂಪು ಕೊಟ್ಟರೂ, ಹಂಚಿನ ಮನೆಗೆ ಒಗ್ಗುವುದಿಲ್ಲ.

ತೆಂಗಿನ ನಾರಿನ ಹಲಗೆ, ಬಿದಿರಿನ ತಟ್ಟಿ, ಭತ್ತದ ಹೊಟ್ಟುಗಳ ವಿಷಯವಾಗಿ ಒಂದೆರಡು ಮಾತು. ನಾರಿನ ಹಲಗೆ ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಉಸಿರಾಡುತ್ತದೆ, ಮುಟ್ಟಿದರೆ ತುರಿಕೆಯಿಲ್ಲ. ಬೆಂಕಿಯ ಭಯ, ಹುಳದ ಭಯ ಮಾತ್ರ ಇದ್ದೇ ಇವೆ. ಬಿದಿರಿನ ತಟ್ಟಿ ಒಳಗಿನ ಮುಚ್ಚಿಗೆಯಾಗಿ ಅಂದವೇ ಹೊರತು ಶಾಖರೋಧಕವೆಂದು ಎಣಿಸುವಂತಿಲ್ಲ. ಹೊಟ್ಟನ್ನು ಇಳಿಜಾರಿನ ಮಾಡಿನಲ್ಲಿ ತುಂಬಿದರೆ ಜಾರಿ ಕೆಳಗೆ ಕೂರುತ್ತದೆ.

ಮಾಡು ಮುಟ್ಟುವ ಮುನ್ನ

ಅಟ್ಟದ ನೆಲವನ್ನು ಹೊರುವ ಜಂತಿಗಳು ಚೀಲಗಳನ್ನು ಹೊತ್ತಿವೆಯೆಂದ ಮಾತ್ರಕ್ಕೆ ಮನುಷ್ಯರ ಓಡಾಟ, ಮಂಚ, ಕಪಾಟುಗಳನ್ನು ಹೊರುತ್ತವೆಂದು ತಿಳಿಯಬಾರದು. ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ತಾಳಬೇಕೆಂಬುದು ನಮ್ಮ ದೇಶದ ಕಟ್ಟಡ ಮಾನಕದ ಲೆಕ್ಕ. ಇದನ್ನು ಅನುಭವಿ ಬಡಗಿ ಅಥವಾ ಇಂಜಿನಿಯರರಿಂದ ನೋಡಿಸಿಕೊಳ್ಳಿರಿ. ತಲೆಗೆ ತಾಗುತ್ತದೆಂದು ಎರಡು ಗೋಡೆಗಳ ನಡುವಿನ ಅಡ್ಡತೊಲೆಯನ್ನು ಕತ್ತರಿಸುವ ಸಾಹಸವನ್ನಂತೂ ಯಾರೂ ಮಾಡಕೂಡದು. ಇಳಿಜಾರಿನ ಎರಡು ಬದಿಗಳು ಹೊರಕ್ಕೆ ಚಾಚಿ ಗೋಡೆಯನ್ನು ತಳ್ಳದಂತೆ ಹಿಡಿದಿಟ್ಟಿರುವುದು ಅದೇ ತೊಲೆ. ತೊಲೆ ಅಡ್ಡವಾದರೆ ಕೋಣೆಯನ್ನು ಅದರ ಈಚೆಗೊಂದು ಆಚೆಗೊಂದು ಎಂದು ಮಾಡಿಕೊಳ್ಳುವುದೇ ಸರಿ. ಮಂಡಿನೋವಿನ ಹಿರಿಯರನ್ನು ಮೇಲೆ ಹತ್ತಿಸುವ ಯೋಚನೆಯೂ ಬೇಡ. ಮಕ್ಕಳು ಮೇಲೆ ಹೋದರೆ ಕೆಳಗಿನ ಕೋಣೆ ತಾನಾಗಿಯೇ ಹಿರಿಯರಿಗೆ ಬಿಡುವಾಗುತ್ತದೆ.

ಅನಂತರ ಪ್ರತಿಯೊಂದು ಪಕಾಸನ್ನೂ ದಬ್ಬಳದಿಂದ ಚುಚ್ಚಿ ನೋಡಬೇಕು, ಮುಖ್ಯವಾಗಿ ಗೋಡೆಯ ಮೇಲೆ ಕುಳಿತ ತುದಿಯಲ್ಲಿ. ದಬ್ಬಳ ಸಲೀಸಾಗಿ ಇಳಿದರೆ ಮರ ಹೋಗಿದೆಯೆಂದು ಅರ್ಥ. ಗೆದ್ದಲಿನ ಮಣ್ಣಿನ ಜಾಡು, ಹುಳು ಕೊರೆದ ಪುಡಿ, ಹಳೆಯ ಸೋರಿಕೆಯ ಕಲೆ ಇವೆಲ್ಲ ಈಗ ಕಣ್ಣಿಗೆ ಬೀಳುತ್ತವೆ, ಬೋರ್ಡು ಹೊಡೆದ ಮೇಲೆ ಬೀಳವು. ಒಡೆದ ಹಂಚುಗಳನ್ನೂ ಇದೇ ಸಮಯದಲ್ಲಿ ಬದಲಾಯಿಸಿ.

ವಿದ್ಯುತ್ ತಂತಿಯ ವಿಷಯದಲ್ಲಿ ಒಂದು ದಾರುಣ ಉದಾಹರಣೆಯನ್ನು ಹೇಳಲೇಬೇಕು. 2009ರಲ್ಲಿ ಆಸ್ಟ್ರೇಲಿಯಾ ಸರಕಾರವು ಮನೆಗಳ ಅಟ್ಟಕ್ಕೆ ಶಾಖರೋಧಕ ಹಾಕಿಸಲು ತಾನೇ ಹಣ ಕೊಡುವ ಯೋಜನೆಯನ್ನು ಆರಂಭಿಸಿತು. ತರಬೇತಿಯಿಲ್ಲದ ಕೈಗಳು ಆ ಕೆಲಸಕ್ಕಿಳಿದವು. ಕೆಲವೇ ತಿಂಗಳುಗಳಲ್ಲಿ ನಾಲ್ವರು ಯುವಕರು ಸತ್ತರು. ಮೂವರು ವಿದ್ಯುತ್ ಆಘಾತದಿಂದ ತೀರಿಕೊಂಡರು. ಅಲ್ಯುಮಿನಿಯಂ ಹಾಳೆಗೆ ಹೊಡೆದ ಲೋಹದ ಪಿನ್ನು ತಂತಿಯೊಳಕ್ಕೆ ಇಳಿದದ್ದೂ ಅಲ್ಲಿ ನಡೆಯಿತು. ನಾಲ್ಕನೆಯವನನ್ನು ಕೊಂದದ್ದು ಅಟ್ಟದೊಳಗಿನ ಸೆಕೆ. ಆದುದರಿಂದ ಹಾಳೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಮನೆಯ ಮೇನ್ ಸ್ವಿಚ್ಚನ್ನು ಆರಿಸಿ, ಅಟ್ಟದ ಹಳೆಯ ತಂತಿಗಳನ್ನೆಲ್ಲ ಪರವಾನಗಿಯಿರುವ ಕೆಲಸಗಾರರಿಂದ ಹೊಸ ಕೊಳವೆಯೊಳಗೆ ಹಾಕಿಸಿರಿ. ಮೇಲೆ ಕೆಲಸ ಮಾಡುವುದು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ. ಒಬ್ಬರೇ ಎಂದೂ ಹತ್ತಬೇಡಿರಿ.

ಕೈಯಾರೆ ಮಾಡುವ ಬಗೆ

ನಾವು ಆರಿಸುವುದು ಹೀಗೆ: ಮೇಲೆ ಹಂಚು, ಅದರ ಕೆಳಗೆ ಪಕಾಸಿನ ಎತ್ತರದಷ್ಟು ಗಾಳಿಯ ದಾರಿ, ಆಮೇಲೆ ಅಲ್ಯುಮಿನಿಯಂ ಹಾಳೆ, ಮತ್ತೊಂದು ಸಣ್ಣ ಸಂದು, 50 ಮಿಲಿಮೀಟರ್ ಕಲ್ಲುಣ್ಣೆ, ಕೊನೆಗೆ ಬೋರ್ಡು.

ಹಾಳೆಯನ್ನು ಪಕಾಸುಗಳ ಕೆಳಮೈಗೆ ಅಡ್ಡಡ್ಡವಾಗಿ ಹೊಡೆಯುತ್ತ ಹೋಗಬೇಕು, ಸೂರಿನ ಕಡೆಯಿಂದ ಆರಂಭಿಸಿ ಮೇಲ್ತುದಿಯ ಕಡೆಗೆ. ಹಂಚಿನ ಮೇಲೆ ಹಂಚು ಕೂರುವಂತೆಯೇ ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ಮೇಲೆ ಆರಂಗುಲ ಕೂರಬೇಕು. ಎಲ್ಲಿಯಾದರೂ ಹಂಚು ಸೋರಿದರೆ ನೀರು ಹಾಳೆಯ ಮೇಲೆ ಜಾರಿ ಸೂರಿನಿಂದ ಹೊರಗೆ ಬೀಳುತ್ತದೆ. ಕೆಳತುದಿಯನ್ನು ಗೋಡೆಯ ಆಚೆಗೆ ಚಾಚುವಂತೆ ಬಿಡಿ. ಮೇಲ್ತುದಿಯಲ್ಲಿ ಎರಡು ಬದಿಯ ಹಾಳೆಗಳನ್ನು ಕೂಡಿಸದೆ ಮೂರು ನಾಲ್ಕು ಅಂಗುಲ ತೆರವಿಡಿ, ಹಾಳೆಯ ಮೇಲಿನ ಬಿಸಿ ಗಾಳಿ ಹೊರಗೆ ಹೋಗಬೇಕಾದ ದಾರಿ ಅದು. ಹಾಳೆ ಜೋತುಬಿದ್ದರೆ ಅಂಜಬೇಕಾಗಿಲ್ಲ. ಬಿಗಿಯಾಗಿ ಎಳೆದು ಹರಿದುಕೊಳ್ಳುವುದಕ್ಕಿಂತ ಅದು ಮೇಲು.

ಇದಾದ ಮೇಲೆ ಹಾಳೆಯ ಕೆಳಗೆ, ಪಕಾಸಿಗೆ ಅಡ್ಡವಾಗಿ, ಮೂರಂಗುಲ ಎತ್ತರದ ಮರದ ಪಟ್ಟಿಗಳನ್ನು ಎರಡೆರಡು ಅಡಿಗೆ ಒಂದರಂತೆ ಸ್ಕ್ರೂ ಹಾಕಿ ಕೂರಿಸಬೇಕು. ಪಟ್ಟಿಗಳ ನಡುವೆ ಎರಡಂಗುಲದ ಉಣ್ಣೆ. ಉಳಿದ ಒಂದಂಗುಲ ಹಾಳೆಯ ಕೆಳಮುಖಕ್ಕೆ ಬೇಕಾದ ಬಯಲು. ಉಣ್ಣೆ ಜಾರದಂತೆ ಕೆಳಗಿನಿಂದ ನೈಲಾನ್ ದಾರವನ್ನು ಹೆಣೆದರೆ ಸಾಕು. ಕಡೆಯಲ್ಲಿ ಜಿಪ್ಸಂ ಬೋರ್ಡು, ಸಿಮೆಂಟ್ ಬೋರ್ಡು ಅಥವಾ ಹಲಗೆ. ಮಲೆನಾಡಿನಲ್ಲಿ ಜಿಪ್ಸಂ ಬೇಡ, ಅಲ್ಲಿಯ ಜುಲೈ ತಿಂಗಳ ತೇವಕ್ಕೆ ಅದು ಮೆತ್ತಗಾಗುತ್ತದೆ. ಬೋರ್ಡಿಗೆ ಮೊಳೆ ಹೊಡೆಯದೆ ಸ್ಕ್ರೂ ಹಾಕಿದರೆ ಬೇಕೆಂದಾಗ ಬಿಚ್ಚಿ ಮೇಲಿನ ಮರವನ್ನು ನೋಡಬಹುದು. ಒಟ್ಟಿನಲ್ಲಿ ತಲೆಯ ಮೇಲೆ ಮೂರೂವರೆ ಅಂಗುಲ ಎತ್ತರ ಹೋಗುತ್ತದೆ. ಅಷ್ಟನ್ನೂ ಕೊಡಲಾಗದ ಅಟ್ಟದಲ್ಲಿ ಮಾತ್ರ ಉಣ್ಣೆಯ ಬದಲು ಒಂದಂಗುಲದ ಪಫ್ ಹಲಗೆ.

ಕೇಂದ್ರ ಸರಕಾರದ ಇಂಧನ ದಕ್ಷತಾ ಸಂಸ್ಥೆಯು 2018ರಲ್ಲಿ ಹೊರತಂದ ವಸತಿ ಕಟ್ಟಡಗಳ ಸಂಹಿತೆಯು ಹೊಸ ಮನೆಗಳ ಮೇಲ್ಛಾವಣಿ ಒಂದು ಚದರ ಮೀಟರಿನಲ್ಲಿ, ಒಳಹೊರಗಿನ ಒಂದು ಡಿಗ್ರಿ ಅಂತರಕ್ಕೆ, 1.2 ವಾಟಿಗಿಂತ ಹೆಚ್ಚು ಶಾಖವನ್ನು ಒಳಗೆ ಬಿಡಬಾರದೆಂದು ಹೇಳುತ್ತದೆ. ಹಳೆಯ ಮನೆಗೆ ಅದು ಕಟ್ಟಳೆಯಲ್ಲದಿದ್ದರೂ ಅಳತೆಗೋಲಾಗಿ ಉಪಯುಕ್ತ. ಎರಡಂಗುಲದ ಉಣ್ಣೆಯೊಂದೇ ಈ ಮಿತಿಗಿಂತ ಸಾಕಷ್ಟು ಕೆಳಗೆ ನಮ್ಮನ್ನು ತಂದು ನಿಲ್ಲಿಸುತ್ತದೆ, ಹಾಳೆಯ ಲಾಭ ಅದಕ್ಕೆ ಹೆಚ್ಚುವರಿ. ನಾಲ್ಕಂಗುಲ, ಆರಂಗುಲವೆಂದು ಉಣ್ಣೆಯನ್ನು ಪೇರಿಸುವುದರಿಂದ ಆಗುವ ಪ್ರಯೋಜನ ಅಲ್ಪ. ಆ ಹಣವನ್ನು ಕಿಟಕಿಗೆ ಹಾಕಿರಿ.

ಗಾಳಿಯ ದಾರಿಯ ಬಗ್ಗೆ ಇಷ್ಟು ಹೇಳಿಯೂ ಸಮಾಧಾನವಾಗದೆ ಮತ್ತೊಮ್ಮೆ ಹೇಳುತ್ತಿದ್ದೇವೆ, ಏಕೆಂದರೆ ಕೋಣೆ ಅಂದವಾಗಿ ಕಾಣಲೆಂದು ಎಲ್ಲ ಸಂದುಗಳನ್ನೂ ಸಿಮೆಂಟಿನಿಂದ ಮುಚ್ಚಿಬಿಟ್ಟ ಮನೆಗಳೇ ಹೆಚ್ಚು. ಅಮೆರಿಕದ ಕಟ್ಟಡ ನಿಯಮದಲ್ಲಿ ಅಟ್ಟದ ನೆಲದ ವಿಸ್ತಾರದ 150ರಲ್ಲಿ ಒಂದು ಪಾಲಿನಷ್ಟಾದರೂ ಗಾಳಿಯ ಕಿಂಡಿ ಇರಬೇಕೆಂದಿದೆ. 300 ಚದರ ಅಡಿಯ ಅಟ್ಟಕ್ಕೆ ಅದು 2 ಚದರ ಅಡಿಯಾಯಿತು. ನಮ್ಮ ಬಿಸಿಲಿಗೆ ಅದನ್ನು ಕನಿಷ್ಠವೆಂದೇ ತಿಳಿಯಬೇಕು. ಅರ್ಧ ಕೆಳಗೆ ಸೂರಿನಲ್ಲಿ, ಅರ್ಧ ಮೇಲೆ ತ್ರಿಕೋನದ ಗೋಡೆಗಳ ತುದಿಯಲ್ಲಿ. ಎರಡು ಕಡೆಗೂ ಸಣ್ಣ ಕಣ್ಣಿನ ಜಾಲರಿ ಹೊಡೆದರೆ ಇಲಿ, ಬಾವಲಿ, ಹಾವುಗಳ ಕಾಟವಿಲ್ಲ. ಇದಲ್ಲದೆ ಕೋಣೆಗೂ ಎದುರುಬದುರಾಗಿ ಎರಡು ಕಿಟಕಿಗಳಿರಲಿ. ಅವನ್ನು ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಸಂಜೆ ಆರರ ಮೇಲೆ ತೆರೆದರೆ ಹಂಚಿನ ರಾತ್ರಿಯ ತಂಪು ಪೂರ್ತಿಯಾಗಿ ನಿಮ್ಮದಾಗುತ್ತದೆ. ಫ್ಯಾನನ್ನು ಈ ಕೆಲಸಗಳೆಲ್ಲ ಮುಗಿದ ಮೇಲೆ ಹಾಕಿರಿ. ಶಾಖರೋಧಕವಿಲ್ಲದ ಅಟ್ಟದಲ್ಲಿ ಫ್ಯಾನು ಮೇಲಿನ ಬಿಸಿ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಅಷ್ಟೆ. ಮುಂದೆಂದಾದರೂ ಏರ್ ಕಂಡೀಷನರ್ ಹಾಕುವ ವಿಚಾರವಿದ್ದರೆ ಬೋರ್ಡಿನ ಕೂಡುಸಂದುಗಳನ್ನೂ ಹಾಳೆಯ ಕೂಡುಸಂದುಗಳನ್ನೂ ಪಟ್ಟಿಯಿಂದ ಅಂಟಿಸಿರಿ, ಇಲ್ಲದಿದ್ದರೆ ಹೊರಗಿನ ತೇವದ ಗಾಳಿ ತಂಪಾದ ಬೋರ್ಡಿನ ಬೆನ್ನಿಗೆ ತಾಗಿ ಬೆವರುತ್ತದೆ.

ಬೇಸಿಗೆ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಕಡೆಯವರು ಉಣ್ಣೆಯನ್ನು ಬಿಡುವಂತಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಊರಿನವರು ಹಾಳೆ ಮತ್ತು ಗಾಳಿಯ ದಾರಿಗೆ ಹಣ ಹಾಕಿ ಉಣ್ಣೆಯನ್ನು ಕೈಬಿಟ್ಟರೂ ನಷ್ಟವಿಲ್ಲ. ಅಲ್ಲಿ ಒದ್ದೆ ಉಣ್ಣೆಯ ಚಿಂತೆಯೇ ಸೆಕೆಯ ಚಿಂತೆಗಿಂತ ದೊಡ್ಡದು. ಧಾರವಾಡ, ಹಾವೇರಿ, ದಾವಣಗೆರೆಯ ಕಡೆ ಮೊದಲ ವರ್ಷ ಹಾಳೆಯನ್ನಷ್ಟೇ ಹಾಕಿ, ಒಂದು ಬೇಸಿಗೆಯನ್ನು ಕಂಡು, ಸಾಲದೆನಿಸಿದರೆ ಉಣ್ಣೆಯನ್ನೂ ಬೋರ್ಡನ್ನೂ ಮುಂದಿನ ವರ್ಷ ಹಾಕಬಹುದು. ಹಣವನ್ನು ಎರಡು ಕಂತಿನಲ್ಲಿ ಹೊಂದಿಸಿಕೊಳ್ಳಲು ಗೃಹಿಣಿಯರಿಗೂ ಇದು ಅನುಕೂಲ.

ಕೆಲಸಕ್ಕೆ ಒಳ್ಳೆಯ ಕಾಲ ಕಾರ್ತಿಕದಿಂದ ಶಿವರಾತ್ರಿಯವರೆಗೆ. ಎಲ್ಲ ಬೋರ್ಡುಗಳನ್ನೂ ಬೇಸಿಗೆಯಲ್ಲಿಯೇ ಹೊಡೆದು ಮುಗಿಸುವ ಅವಸರ ಬೇಡ. ಸೂರಿನ ಹತ್ತಿರದ ಕೆಳಸಾಲನ್ನು ತೆರೆದಿಟ್ಟು, ಮುಂಗಾರಿನ ಮೊದಲ ಎರಡು ಮೂರು ದೊಡ್ಡ ಮಳೆಗಳಲ್ಲಿ ಟಾರ್ಚ್ ಹಿಡಿದು ಹಾಳೆಯ ಮೇಲೆ ನೀರು ಎಲ್ಲೆಲ್ಲಿ ಇಳಿಯುತ್ತದೆ, ಹೊರಗೆ ಸರಿಯಾಗಿ ಬೀಳುತ್ತದೆಯೇ ಎಂದು ನೋಡಿ, ಆ ಜಾಗದ ಹಂಚನ್ನು ಸರಿಪಡಿಸಿ, ಅನಂತರ ಆ ಸಾಲನ್ನು ಮುಚ್ಚಿರಿ. ಬಿಡಿ ಹಂಚು ಇಪ್ಪತ್ತೈದನ್ನು ಹಿತ್ತಲಿನಲ್ಲಿ ಜೋಡಿಸಿಟ್ಟುಕೊಂಡಿರುವುದು ಒಳ್ಳೆಯದು. ಹಳೆಯ ಹಂಚಿನ ಅಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆಯಾಗಿರುವುದರಿಂದ, ನಿಮ್ಮ ಹಂಚಿನ ಬೆನ್ನ ಮೇಲಿನ ಮುದ್ರೆಯನ್ನು ನೋಡಿಕೊಂಡು, ನೆರೆಹೊರೆಯಲ್ಲಿ ಹಳೆಯ ಮನೆ ಬಿಚ್ಚುವಾಗ ಅದೇ ಮುದ್ರೆಯವನ್ನು ಕೇಳಿ ತಂದುಕೊಳ್ಳಿರಿ.